ಸುರಪುರದ ಟೇಲರ್ ಸಾಹೇಬರು

ಯಾದಗಿರಿ ಜಿಲ್ಲೆಯ ಸುರಪುರವು ಬೆಟ್ಟಗಳ ಮಡಿಲಲ್ಲಿರುವ ಊರು. ಶಹಾಪುರದ ಕಡೆಯಿಂದ ಬರುವ ಪ್ರಯಾಣಿಕನಿಗೆ ದುಂಡು ಬಂಡೆಗಳ ಸಾಲು, ಅವುಗಳ ನಡುವೆ ಹಳೆಯ ಕೋಟೆಯ ಗೋಡೆ, ಅದರಾಚೆ ಊರು ಕಣ್ಣಿಗೆ ಬೀಳುತ್ತವೆ. ಅಲ್ಲಿಯ ಒಂದು ಎತ್ತರದ ನೆಲೆಯಲ್ಲಿ ‘ಟೇಲರ್ ಮಂಜಿಲ್’ ಎಂಬ ಕಟ್ಟಡವಿದೆ. ಸುಮಾರು 180 ವರ್ಷಗಳ ಹಿಂದೆ ಅದನ್ನು ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ಅವರನ್ನು ಆಡಳಿತಗಾರರೆಂದೂ ಕಾದಂಬರಿಕಾರರೆಂದೂ ಬಲ್ಲವರು ಅನೇಕರಿದ್ದಾರೆ. ಆದರೆ ಅವರು ಚಿತ್ರಗಾರರೂ ಆಗಿದ್ದರು. ಕರ್ನಾಟಕದ ದೇಗುಲಗಳ ಛಾಯಾಚಿತ್ರಗಳನ್ನು ಜಗತ್ತಿಗೆ ತೋರಿಸಿದ ಮೊದಲ ದೊಡ್ಡ ಗ್ರಂಥಗಳಿಗೆ ಇತಿಹಾಸವನ್ನು ಬರೆದುಕೊಟ್ಟವರೂ ಆಗಿದ್ದರು. ಒಂದು ನೋಟವನ್ನು ಯಾವುದರ ಮೇಲೆ, ಯಾವುದರಿಂದ ಮೂಡಿಸಿದರೆ ಅದು ಮುಂದಿನವರಿಗೆ ಉಳಿದೀತು ಎಂಬ ಪ್ರಶ್ನೆಗೆ ಅವರ ಬಾಳಿನ ಉದ್ದಕ್ಕೂ ಒಂದೊಂದಾಗಿ ಹೊಸ ಉತ್ತರಗಳು ದೊರೆಯುತ್ತ ಹೋದವು. ಈ ಪಾಠದಲ್ಲಿ ಅವರ ಬದುಕಿನ ಜೊತೆಗೆ ಆ ಉತ್ತರಗಳನ್ನೂ ಅರಿಯೋಣ.

ಟೇಲರರು 1808ನೆಯ ಇಸವಿ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. ತಂದೆ ವರ್ತಕರು. ವ್ಯಾಪಾರದಲ್ಲಿ ಅವರಿಗೆ ನಷ್ಟವುಂಟಾದುದರಿಂದ ಮಗನಿಗೆ ಶಾಲೆಯ ವಿದ್ಯೆ ಪೂರ್ಣವಾಗಿ ದೊರೆಯಲಿಲ್ಲ. ಮುಂಬಯಿಯ ವ್ಯಾಪಾರಿಯೊಬ್ಬನು ತನ್ನ ಅಂಗಡಿಯಲ್ಲಿ ಕೆಲಸವನ್ನೂ ಮುಂದೆ ಪಾಲುದಾರಿಕೆಯನ್ನೂ ಕೊಡುವೆನೆಂದು ಭರವಸೆಯಿತ್ತನು. ಅದನ್ನು ನಂಬಿ 1824ರಲ್ಲಿ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನ ಹುಡುಗನಾಗಿದ್ದ ಟೇಲರರು ಹಡಗನ್ನೇರಿ ಮುಂಬಯಿಗೆ ಬಂದರು. ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಪರದೇಶದಲ್ಲಿ ನೆಲೆಯಿಲ್ಲದಂತಾದ ಹುಡುಗನಿಗೆ ಬಂಧುಗಳೊಬ್ಬರ ನೆರವಿನಿಂದ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಸಣ್ಣ ಅಧಿಕಾರಿಯ ಕೆಲಸ ದೊರೆಯಿತು.

ಶಾಲೆಯಲ್ಲಿ ಕಲಿಯಲಾರದ್ದನ್ನು ಅವರು ಬದುಕಿನಲ್ಲಿ ಕಲಿತರು. ಹಿಂದೂಸ್ತಾನಿ, ಮರಾಠಿ, ಪಾರಸಿ ಭಾಷೆಗಳನ್ನು ಅಭ್ಯಾಸ ಮಾಡಿದರು. ಭೂಮಾಪನ, ಕಾನೂನು, ಕಟ್ಟಡಗಳ ರಚನೆ ಇವುಗಳನ್ನೆಲ್ಲ ಪುಸ್ತಕಗಳ ಸಹಾಯದಿಂದ ತಾವೇ ತಿಳಿದುಕೊಂಡರು. ಅವರಿಗೆ ಬಹು ಪ್ರಿಯವಾದ ಹವ್ಯಾಸವೆಂದರೆ ಚಿತ್ರ ಬರೆಯುವುದು. ಸೈನ್ಯದ ಕೆಲಸದ ಮೇಲೆ ದಖ್ಖನಿನ ಊರೂರುಗಳನ್ನು ತಿರುಗುವಾಗ ಕೋಟೆಯ ಬಾಗಿಲು, ಗುಡಿಯ ಗೋಪುರ, ಕೆರೆಯ ಏರಿ, ಸಂತೆಯ ಜನ ಇವೆಲ್ಲ ಅವರ ಹಾಳೆಗಳನ್ನು ಸೇರುತ್ತಿದ್ದವು.

ಕೈಯಿಂದ ಬರೆದ ಚಿತ್ರಕ್ಕೆ ಒಂದು ಮಿತಿಯುಂಟು. ಅದು ಒಂದೇ ಪ್ರತಿ. ಬೆಂಕಿಗೋ ಗೆದ್ದಲಿಗೋ ತುತ್ತಾದರೆ ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಒಂದು ಚಿತ್ರವನ್ನು ನೂರು ಮಂದಿ ನೋಡಬೇಕಾದರೆ ಅದನ್ನು ಅಚ್ಚು ಹಾಕಬೇಕು. ಅಂದಿನ ದಿನಗಳಲ್ಲಿ ಅದಕ್ಕೆ ಒದಗಿದ್ದ ಒಳ್ಳೆಯ ಮಾರ್ಗವೆಂದರೆ ಶಿಲಾಮುದ್ರಣ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಎಣ್ಣೆ ಬೆರೆತ ಮಸಿಯನ್ನು ಉರುಳಿಸಿದರೆ, ಜಿಡ್ಡಿರುವ ಗೆರೆಗಳು ಮಾತ್ರ ಮಸಿಯನ್ನು ಹಿಡಿಯುತ್ತವೆ. ಒದ್ದೆಯಾದ ಭಾಗ ಅದನ್ನು ದೂರವಿಡುತ್ತದೆ. ಆಮೇಲೆ ಕಾಗದವನ್ನು ಒತ್ತಿ ತೆಗೆಯುತ್ತಾರೆ. ಹೀಗೆ ನೂರಾರು ಪ್ರತಿಗಳು ಸಿದ್ಧವಾಗುತ್ತವೆ. ಟೇಲರರ ದಖ್ಖನಿನ ಚಿತ್ರಗಳು 1837ರಲ್ಲಿ ಈ ವಿಧಾನದಿಂದ ಅಚ್ಚಾಗಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ಎರಡು ವರ್ಷಗಳ ತರುವಾಯ, 1839ರಲ್ಲಿ, ಠಕ್ಕರ ಜೀವನವನ್ನು ಚಿತ್ರಿಸುವ ಅವರ ಮೊದಲ ಕಾದಂಬರಿ ಪ್ರಕಟವಾಗಿ ಅವರಿಗೆ ಹೆಸರು ತಂದಿತು.

1841ರಲ್ಲಿ ರಜೆಯಿಂದ ಹಿಂದಿರುಗಿದ ಟೇಲರರನ್ನು ಕೆಲಕಾಲದಲ್ಲಿಯೇ ಸುರಪುರಕ್ಕೆ ಕಳುಹಿಸಲಾಯಿತು. ಸುರಪುರವು ಆಗ ಬೇಡ ನಾಯಕರ ಸಂಸ್ಥಾನ. ಶೌರ್ಯಕ್ಕೆ ಹೆಸರಾದ ಈ ಮನೆತನ ಮೊಗಲರ ಔರಂಗಜೇಬನನ್ನು ಕೂಡ ಎದುರಿಸಿ ನಿಂತುದು. ಟೇಲರರು ಬಂದ ಕಾಲದಲ್ಲಿ ಅರಮನೆಯಲ್ಲಿ ಒಗ್ಗಟ್ಟಿರಲಿಲ್ಲ. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಅವರ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅಧಿಕಾರ ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ರಾಣಿ ಈಶ್ವರಮ್ಮನವರಿಗೂ ಬಾಲಕನ ಚಿಕ್ಕಪ್ಪನಿಗೂ ಮನಸ್ತಾಪವಿದ್ದಿತು. ಬೊಕ್ಕಸದ ಮೇಲೆ ಸಾಲದ ಹೊರೆ ಬಿದ್ದಿತ್ತು. ಬಾಲಕ ಪ್ರಾಯಕ್ಕೆ ಬರುವವರೆಗೆ ರಾಜ್ಯದ ವ್ಯವಹಾರವನ್ನು ನಡೆಸುವ ಹೊಣೆ ಟೇಲರರ ಮೇಲೆ ಬಿದ್ದಿತು. ಅವರು ರಸ್ತೆಗಳನ್ನು ಮಾಡಿಸಿದರು. ಕೆರೆಗಳ ಕಡೆ ಗಮನ ಕೊಟ್ಟರು. ಇಂದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿರುವ ಬೋನಾಳದ ಕೆರೆ ಅವರಿಗೆ ಬಹಳ ಮೆಚ್ಚಿನದಾಗಿತ್ತು. ರೈತರೊಡನೆ ಅವರವರ ಹೊಲದ ಬದಿಯಲ್ಲಿಯೇ ಕುಳಿತು ಮಾತನಾಡುತ್ತಿದ್ದ ಈ ಅಧಿಕಾರಿಯನ್ನು ಜನರು ಹತ್ತಿರದವರೆಂದು ಭಾವಿಸಿದರು. 1844ರಲ್ಲಿ ಅವರ ಪತ್ನಿ ಮೇರಿ ತೀರಿಕೊಂಡರು. ಆ ದುಃಖದ ವರ್ಷಗಳಲ್ಲಿ ಬಾಲಕ ವೆಂಕಟಪ್ಪ ನಾಯಕನೇ ಅವರಿಗೆ ಮಗನಂತಾದನು. ಅವನೂ ಅವರನ್ನು ಅಪ್ಪನೆಂದೇ ಕರೆಯುತ್ತಿದ್ದನು.

ಸುರಪುರದಲ್ಲಿ ಚಿತ್ರಕಲೆ ಹೊಸತಾಗಿರಲಿಲ್ಲ. ನಾಯಕರ ಆಶ್ರಯದಲ್ಲಿ ಅಲ್ಲಿ ಸೂಕ್ಷ್ಮವಾದ ಕಿರುಚಿತ್ರ ಸಂಪ್ರದಾಯವೊಂದು ಬೆಳೆದಿತ್ತು. ಗರುಡಾದ್ರಿ ಮನೆತನದ ಕಲಾವಿದರ ಹೆಸರು ಈಗಲೂ ಕೇಳಿಬರುತ್ತದೆ. ದೇವತೆಗಳ ಒಡವೆಗಳಿಗೆ ಚಿನ್ನದ ರೇಕನ್ನು ಅಂಟಿಸಿ ಅವರು ರಚಿಸಿದ ಚಿತ್ರಗಳು ಕತ್ತಲ ಕೋಣೆಯ ದೀಪದ ಬೆಳಕಿನಲ್ಲಿಯೂ ಹೊಳೆಯುವಂಥವು. ಪೂಜೆಯ ಚಿತ್ರಕ್ಕೆ ಚಿನ್ನವೇ ತಕ್ಕುದು. ಆದರೆ ಟೇಲರರು ಹಿಡಿಯಬೇಕೆಂದುಕೊಂಡ ವಸ್ತು ಬೇರೆಯದಾಗಿತ್ತು. ಅದಕ್ಕೆ ಪೆನ್ಸಿಲ್ಲೇ ಸಾಕಾಗಿತ್ತು.

ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ, ಚದುರಂಗದ ಮಣೆಯ ಮನೆಗಳಂತೆ ಜೋಡಿಸಿರುವ ವಿಶಾಲವಾದ ಬಯಲಿದೆ. ಇಂದಿನ ಹುಣಸಗಿ ತಾಲ್ಲೂಕಿನ ರಾಜನಕೋಳೂರಿನಲ್ಲಿ ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕಲ್ಮನೆಗಳಿವೆ. ನಮ್ಮ ಜನರು ಇಂಥವನ್ನು ಮೋರೇರ ಮನೆಗಳೆನ್ನುತ್ತಾರೆ. ಇವು ಕಬ್ಬಿಣದ ಬಳಕೆ ಆರಂಭವಾದ ಪ್ರಾಚೀನ ಕಾಲದ ಜನರ ಸ್ಮಾರಕಗಳು. ದನ ಕಾಯುವವರು ದಿನವೂ ಕಾಣುತ್ತಿದ್ದ ಈ ಕಲ್ಲುಗಳ ಮುಂದೆ ಟೇಲರರು ಅಳತೆಯ ಹಗ್ಗ ಹಿಡಿದು ನಿಂತರು. ಕಲ್ಲುಗಳ ಉದ್ದಗಲಗಳನ್ನು ಬರೆದುಕೊಂಡರು, ನಕ್ಷೆ ತೆಗೆದರು, ಚಿತ್ರಗಳನ್ನು ರಚಿಸಿದರು. ಕೆಲವೆಡೆ ಅಗೆಸಿಯೂ ನೋಡಿದರು. ಈ ವಿಷಯವಾಗಿ ಅವರು ಬರೆದ ಲೇಖನಗಳು 1850ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ, ಆಮೇಲೆ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿಯೂ ಬೆಳಕು ಕಂಡವು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯನ್ನು ಕುರಿತ ಅಧ್ಯಯನಕ್ಕೆ ಅವು ಆರಂಭದ ಹೆಜ್ಜೆಗಳಾದವು. ಆ ಸ್ಮಾರಕಗಳನ್ನು ಅವರು ಐರೋಪ್ಯ ಜನಾಂಗಗಳಿಗೆ ಸಂಬಂಧಿಸಿ ಮಾಡಿದ ಊಹೆಗಳನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಊಹೆ ಬಿದ್ದುಹೋದರೂ ಅಳತೆ ಉಳಿಯಿತು.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ರಾಜ್ಯವನ್ನು ಒಪ್ಪಿಸಿ ಟೇಲರರು ಬೇರೆ ಜಿಲ್ಲೆಗೆ ಹೊರಟುಹೋದರು. ಐದು ವರ್ಷ ತುಂಬುವುದರೊಳಗೆ ಸುರಪುರದ ಮೇಲೆ ಸಿಡಿಲೆರಗಿತು. 1857ರ ಸ್ವಾತಂತ್ರ್ಯ ಸಂಗ್ರಾಮದ ಕಿಡಿ ದಖ್ಖನಿಗೂ ಹಾರಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ವೀರರು ಕಂಪನಿಯ ಸೈನ್ಯದೊಡನೆ ಹೋರಾಡಿದರು. ಆದರೆ ಕೋಟೆ ವೈರಿಗಳ ವಶವಾಯಿತು. ಹೈದರಾಬಾದಿನಲ್ಲಿ ಸೆರೆಸಿಕ್ಕ ತರುಣ ರಾಜನಿಗೆ ಮರಣದಂಡನೆ ವಿಧಿಸಲಾಯಿತು. ಮುಂದೆ ಅದನ್ನು ಸೆರೆವಾಸಕ್ಕೆ ಇಳಿಸಲಾಯಿತು. ಟೇಲರರು ಹೋಗಿ ಸೆರೆಯಲ್ಲಿದ್ದ ತಮ್ಮ ಶಿಷ್ಯನನ್ನು ಕಂಡರು. ಒಬ್ಬರು ಆಳುವವರ ಸೇವಕರು. ಇನ್ನೊಬ್ಬರು ಆ ಆಳ್ವಿಕೆಯನ್ನು ಎದುರಿಸಿದವರು. ಅವರಿಬ್ಬರ ನಡುವಣ ಪ್ರೀತಿ ಸುಳ್ಳಲ್ಲ. ಅವರನ್ನು ಬೇರ್ಪಡಿಸಿದ ಗೋಡೆಯೂ ಸುಳ್ಳಲ್ಲ. ಸೆರೆಗೆ ಸಾಗಿಸುವ ದಾರಿಯಲ್ಲಿ ವೆಂಕಟಪ್ಪ ನಾಯಕರು ಗುಂಡೇಟಿನಿಂದ ಮರಣ ಹೊಂದಿದರು. ಸುರಪುರ ಸಂಸ್ಥಾನದ ಸ್ವತಂತ್ರ ಜೀವನ ಅಲ್ಲಿಗೆ ಮುಗಿದು, ಅದು ನಿಜಾಮರ ರಾಜ್ಯವನ್ನು ಸೇರಿತು. ಸುರಪುರದ ಜನರು ವೆಂಕಟಪ್ಪ ನಾಯಕರನ್ನು ಸ್ವಾತಂತ್ರ್ಯವೀರರೆಂದು ಪೂಜಿಸುತ್ತಾರೆ, ಟೇಲರರನ್ನೂ ಮರೆತಿಲ್ಲ. ಎರಡು ನೆನಪುಗಳಿಗೂ ಎಡೆಕೊಟ್ಟಿರುವುದು ಆ ಊರಿನ ದೊಡ್ಡತನ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರರು ಸ್ವದೇಶಕ್ಕೆ ಹಿಂದಿರುಗಿ ಐರ್ಲೆಂಡಿನ ಡಬ್ಲಿನ್ ನಗರದ ಬಳಿ ನೆಲೆಸಿದರು. ಅಷ್ಟರಲ್ಲಿ ಚಿತ್ರಗಳ ಲೋಕದಲ್ಲಿ ದೊಡ್ಡ ಬದಲಾವಣೆಯಾಗಿತ್ತು. ಬೆಳಕೇ ಚಿತ್ರ ಬರೆಯುವ ಛಾಯಾಗ್ರಹಣ ವಿದ್ಯೆ ಬಳಕೆಗೆ ಬಂದಿತ್ತು. ಮುಂಬಯಿಯಲ್ಲಿ 1854ರಲ್ಲಿಯೇ ಛಾಯಾಗ್ರಾಹಕರ ಸಂಘವೊಂದು ಸ್ಥಾಪನೆಯಾಯಿತು. 1855ರಲ್ಲಿ ಮುಂಬಯಿ ಸರಕಾರವು ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅವರು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕೆಲಸ ಮಾಡಿದರು. ಅವರ ತರುವಾಯ ವೈದ್ಯರಾಗಿದ್ದ ಪಿಗೌ ಎಂಬವರು ಆ ಕೆಲಸವನ್ನು ಧಾರವಾಡ, ಮೈಸೂರು ಸೀಮೆಗಳಲ್ಲಿ ಮುಂದುವರಿಸಿದರು. ನೀಲ್ ಎಂಬ ಇನ್ನೊಬ್ಬ ವೈದ್ಯರು ಹಳೇಬೀಡಿನ ಶಿಲ್ಪಗಳನ್ನು ಚಿತ್ರಿಸಿದರು.

ಈ ಬಿಸಿಲ ನಾಡಿನಲ್ಲಿ ಕ್ಯಾಮೆರಾದ ಒಳಗೆ ಇಡುವ ಫಲಕ ಯಾವುದಾಗಿರಬೇಕೆಂಬುದೇ ಮೊದಲ ಪ್ರಶ್ನೆ. ಗಾಜಿನ ಫಲಕದಲ್ಲಿ ಚಿತ್ರ ಬಹು ಸ್ಪಷ್ಟ. ಆದರೆ ಅದಕ್ಕೆ ಲೇಪಿಸಿದ ದ್ರವ ಒಣಗುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ದಖ್ಖನಿನ ಬೇಸಗೆ ಅಷ್ಟು ಅವಕಾಶ ಕೊಡದು. ಎತ್ತಿನ ಬಂಡಿಯ ಕುಲುಕಾಟಕ್ಕೆ ಗಾಜು ಒಡೆಯುವ ಭಯ ಬೇರೆ. ಆದ್ದರಿಂದ ಬಿಗ್ಸ್ ಮತ್ತು ಪಿಗೌ ಅವರು ಕಾಗದವನ್ನೇ ನೆಗೆಟಿವ್ ಆಗಿ ಬಳಸಿದರು. ಅದರಲ್ಲಿ ಕಾಗದದ ನಾರು ತುಸು ಕಾಣಿಸಿಕೊಂಡು ಚಿತ್ರ ಮೆದುವಾಗುತ್ತದೆ. ಆದರೆ ಅದು ಹಗುರ, ಒಡೆಯದು, ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಶ್ರೇಷ್ಠವಾದುದನ್ನಲ್ಲ, ತಮ್ಮ ಕೆಲಸಕ್ಕೆ ಸರಿಹೊಂದುವುದನ್ನು ಅವರು ಆರಿಸಿಕೊಂಡರು.

ಎರಡನೆಯ ಪ್ರಶ್ನೆ, ನೆಗೆಟಿವಿನಿಂದ ತೆಗೆಯುವ ಪ್ರತಿ ಯಾವ ಕಾಗದದ ಮೇಲಿರಬೇಕು ಎಂಬುದು. ಮೊದಮೊದಲು ಉಪ್ಪುನೀರಿನಲ್ಲಿ ನೆನೆಸಿ, ಬೆಳ್ಳಿಯ ಲವಣವನ್ನು ಸವರಿದ ಸಾದಾ ಕಾಗದವಿತ್ತು. ಅದರಲ್ಲಿ ಚಿತ್ರವು ನಾರಿನೊಳಕ್ಕೆ ಇಳಿದು ಮಂಕಾಗಿ ತೋರುತ್ತಿತ್ತು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ಎಂಬವರು ಹೊಸ ಉಪಾಯ ಕಂಡುಹಿಡಿದರು. ತೆಳುವಾದ ಕಾಗದಕ್ಕೆ ಮೊಟ್ಟೆಯ ಬಿಳಿಯ ಲೋಳೆಯನ್ನು ಉಪ್ಪಿನೊಡನೆ ಲೇಪಿಸಿ ಒಣಗಿಸುವುದು. ಅದರ ಮೇಲೆ ಬೆಳ್ಳಿಯ ಲವಣವನ್ನು ಹಚ್ಚುವುದು. ನೆಗೆಟಿವನ್ನು ಮೇಲಿರಿಸಿ ಬಿಸಿಲಿಗೆ ಹಿಡಿಯುವುದು. ಲೋಳೆಯು ನಾರುಗಳ ನಡುವಣ ಸಂದುಗಳನ್ನು ಮುಚ್ಚುವುದರಿಂದ ಚಿತ್ರ ಕೆಳಕ್ಕಿಳಿಯದೆ ಮೇಲೆಯೇ ನಿಲ್ಲುತ್ತದೆ. ಕಲ್ಲಿನ ಕುಸುರಿಯ ಒಂದೊಂದು ಗೆರೆಯೂ ಹರಿತವಾಗಿ ಕಾಣುತ್ತದೆ. ಹೊಯ್ಸಳ ಶಿಲ್ಪದಂಥ ಸೂಕ್ಷ್ಮ ಕೆಲಸವನ್ನು ತೋರಿಸಲು ಇದಕ್ಕಿಂತ ತಕ್ಕ ಕಾಗದ ಅಂದು ಸುಲಭವಾಗಿ ದೊರೆಯುತ್ತಿರಲಿಲ್ಲ.

ಮುಂಬಯಿಯ ಶ್ರೀಮಂತ ವರ್ತಕರ ಧನಸಹಾಯದಿಂದ 1866ರಲ್ಲಿ ಈ ಚಿತ್ರಗಳು ಗ್ರಂಥಗಳಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಒಂದು ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಗಳದ್ದು. ಚಿತ್ರಗಳನ್ನು ಕಾಗದದ ಮೇಲೆ ಪುಟದೊಡನೆ ಅಚ್ಚು ಹಾಕುವ ಅನುಕೂಲ ಇನ್ನೂ ಇರಲಿಲ್ಲ. ಒಂದೊಂದು ಛಾಯಾಚಿತ್ರವನ್ನೂ ಬೇರೆಯಾಗಿ ತಯಾರಿಸಿ ಪುಟಕ್ಕೆ ಅಂಟಿಸಬೇಕಾಗಿತ್ತು. ಎರಡು ಗ್ರಂಥಗಳಿಗೂ ಇತಿಹಾಸ ಭಾಗವನ್ನು ಬರೆಯಲು ಆರಿಸಿದುದು ಮೆಡೋಸ್ ಟೇಲರರನ್ನು. ಶಿಲ್ಪವಿಷಯವನ್ನು ಬರೆದವರು ಜೇಮ್ಸ್ ಫರ್ಗುಸನ್. ಬಿಜಾಪುರದ ಗ್ರಂಥದಲ್ಲಿ ಕಟ್ಟಡಗಳ ಛಾಯಾಚಿತ್ರಗಳಷ್ಟೇ ಅಲ್ಲದೆ, ಅಧಿಕಾರಿಗಳೂ ಭಾರತೀಯ ನಕ್ಷೆಗಾರರೂ ಅಳೆದು ಬರೆದ ಚಿತ್ರಗಳೂ ಇವೆ. ಗುಂಬಜಿನ ಮುಖವನ್ನು ಕ್ಯಾಮೆರಾ ತೋರಿಸಬಲ್ಲದು; ಅದರ ಗೋಡೆಯ ದಪ್ಪವನ್ನು ತೋರಿಸಲು ನಕ್ಷೆಗಾರನ ಗೆರೆಯೇ ಬೇಕು. ಆ ಭಾರತೀಯ ನಕ್ಷೆಗಾರರ ಹೆಸರುಗಳು ಮಾತ್ರ ಗ್ರಂಥದ ಶೀರ್ಷಿಕೆಯ ಪುಟದಲ್ಲಿ ಕಾಣುವುದಿಲ್ಲ.

ಇಂಥದೇ ಕೊರತೆ ಇನ್ನೊಂದು ಕಡೆಯೂ ಉಂಟು. 1868ರಿಂದ 1875ರವರೆಗೆ ಭಾರತದ ಜನರನ್ನು ಕುರಿತ 8 ಸಂಪುಟಗಳು ಲಂಡನ್ನಿನಲ್ಲಿ ಹೊರಬಂದವು. ಅವುಗಳಲ್ಲಿ 400ಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಚಿತ್ರಗಳ ವಿವರಣೆಯನ್ನು ಬರೆದವರಲ್ಲಿ ಟೇಲರರೂ ಒಬ್ಬರು. ಆಳುವವರು ಆಳಿಸಿಕೊಳ್ಳುವವರನ್ನು ಜಾತಿ ಪಂಗಡಗಳಾಗಿ ವಿಂಗಡಿಸಿ ತಿಳಿಯಲು ಮಾಡಿದ ಪ್ರಯತ್ನ ಅದು. ಕ್ಯಾಮೆರಾದ ಮುಂದೆ ಕುಳಿತ ಬಹುಪಾಲು ಜನರ ಪಂಗಡದ ಹೆಸರು ಅಲ್ಲಿದೆ. ಅವರ ಸ್ವಂತ ಹೆಸರು ಇಲ್ಲ. ಮುಖ ಉಳಿದು ಹೆಸರು ಅಳಿದರೆ ಆ ಚಿತ್ರ ಅರ್ಧ ಮಾತ್ರ ಉಳಿದಂತೆ.

ಕಾಲ ಕಳೆದಂತೆ ಮೊಟ್ಟೆಯ ಲೋಳೆಯ ಕಾಗದದ ದೋಷವೂ ಬೆಳಕಿಗೆ ಬಂದಿತು. ತೇವ ತಗುಲಿದರೆ, ಬೆಳಕಿಗೆ ಒಡ್ಡಿದರೆ, ರಾಸಾಯನಿಕಗಳನ್ನು ಸರಿಯಾಗಿ ತೊಳೆಯದೆ ಬಿಟ್ಟರೆ ಚಿತ್ರದ ಬಿಳಿಯ ಭಾಗ ಹಳದಿಗಟ್ಟುತ್ತದೆ, ಕಪ್ಪು ಕಂದುತ್ತದೆ. ಆದರೆ ಶಿಲಾಮುದ್ರಣದ ಕಪ್ಪು ಗೆರೆ ಅಷ್ಟು ಬೇಗ ಮಾಸುವುದಿಲ್ಲ. ಏಕೆಂದರೆ ಆ ಮಸಿಯಲ್ಲಿರುವುದು ದೀಪದ ಕಪ್ಪು, ಅಂದರೆ ಇಂಗಾಲದ ಕಣಗಳು. ನಮ್ಮ ಹಿರಿಯರು ಓಲೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತಿಕ್ಕಿದ ಅಕ್ಷರಗಳು ಶತಮಾನಗಳ ಬಳಿಕವೂ ಓದಲು ಬರುವುದು ಇದೇ ಗುಣದಿಂದ.

ಟೇಲರರು ನಿವೃತ್ತಿಯ ದಿನಗಳಲ್ಲಿ ದಖ್ಖನಿನ ಇತಿಹಾಸವನ್ನು ಆಧರಿಸಿ ಹಲವು ಕಾದಂಬರಿಗಳನ್ನು ಬರೆದರು. 1863ರಲ್ಲಿ ‘ತಾರಾ’, 1872ರಲ್ಲಿ ‘ಸೀತಾ’ ಪ್ರಕಟವಾದವು. 1875ರಲ್ಲಿ ಅವರ ಕಣ್ಣಿನ ಶಕ್ತಿ ಕುಂದಿತು. ಬಾಳೆಲ್ಲ ನೋಡುವುದರಲ್ಲಿಯೇ ಸುಖ ಕಂಡವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ವೈದ್ಯರ ಸಲಹೆಯಂತೆ ಚಳಿಗಾಲವನ್ನು ಕಳೆಯಲು ಮತ್ತೊಮ್ಮೆ ಭಾರತಕ್ಕೆ ಬಂದರು. ತಾವು ಚಿತ್ರಿಸಿದ ನಾಡನ್ನು ಸೇರಿದರೂ ಅದನ್ನು ಕಣ್ತುಂಬ ಕಾಣುವ ಭಾಗ್ಯ ಅವರಿಗಿರಲಿಲ್ಲ. ಜ್ವರದಿಂದ ಬಳಲಿ ಹಿಂದಿರುಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಆಲಿಸ್ 1877ರಲ್ಲಿ ಪ್ರಕಟಿಸಿದರು.

ವಿದ್ಯಾರ್ಥಿಗಳೇ, ಇಂದು ಪ್ರತಿ ಮನೆಯಲ್ಲಿಯೂ ಮೊಬೈಲ್ ದೂರವಾಣಿಯೊಳಗೆ ಸಾವಿರಾರು ಚಿತ್ರಗಳಿವೆ. ಮನೆಯಲ್ಲಿಯೇ ಅವನ್ನು ಅಚ್ಚು ಹಾಕುವ ಯಂತ್ರಗಳೂ ಬಂದಿವೆ. ಟೇಲರರ ಕಾಲದ ಪ್ರಶ್ನೆಯೇ ಈಗ ನಮ್ಮ ಮುಂದಿದೆ. ಸಾದಾ ಕಾಗದದಲ್ಲಿ ಶಾಯಿ ನಾರಿನೊಳಕ್ಕೆ ಇಳಿದು ಚಿತ್ರ ಮಂಕಾಗುತ್ತದೆ. ಲೇಪನವಿರುವ ಫೋಟೋ ಕಾಗದದಲ್ಲಿ ಅದು ಮೇಲೆಯೇ ನಿಂತು ಹೊಳೆಯುತ್ತದೆ. ನೀರಿನಲ್ಲಿ ಕರಗಿದ ಬಣ್ಣದ ಶಾಯಿ ನೋಡಲು ಉಜ್ವಲ, ಆದರೆ ಬಿಸಿಲಿಗೆ ಬೇಗ ಬಾಡುತ್ತದೆ. ಕರಗದ ವರ್ಣಕಣಗಳಿರುವ ಶಾಯಿ, ದೀಪದ ಕಪ್ಪಿನಂತೆ, ಹೆಚ್ಚು ಕಾಲ ಬಾಳುತ್ತದೆ. ಆಮ್ಲದ ಅಂಶವಿಲ್ಲದ ಹತ್ತಿಯ ಕಾಗದ ಅದಕ್ಕೆ ಒಳ್ಳೆಯ ಆಸರೆ. ನಾಲ್ಕು ದಿನದ ಸಂತೋಷಕ್ಕೆ ಹೊಳೆಯುವ ಅಗ್ಗದ ಹಾಳೆ ಸಾಕು; ಅಜ್ಜಿಯ ಮುಖವನ್ನು ಮೊಮ್ಮಕ್ಕಳ ಮಕ್ಕಳು ನೋಡಬೇಕೆಂದಿದ್ದರೆ ಆಯ್ಕೆಯಲ್ಲಿ ಎಚ್ಚರ ಬೇಕು. ಅಚ್ಚಾದ ಚಿತ್ರವನ್ನು ನೇರ ಬಿಸಿಲಿನಿಂದಲೂ ತೇವದ ಗೋಡೆಯಿಂದಲೂ ದೂರವಿಡಬೇಕು.

ಕೊನೆಯದಾಗಿ ಮಾಡಬೇಕಾದ ಕೆಲಸ ಒಂದುಂಟು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಚಿತ್ರದ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಅದರಲ್ಲಿರುವವರ ಹೆಸರು, ಊರು, ದಿನಾಂಕಗಳನ್ನು ಬರೆದಿಡಬೇಕು. ಟೇಲರರು ವಿಭೂತಿಹಳ್ಳಿಯ ಕಲ್ಲುಗಳಿಗೆ ಅಳತೆಯನ್ನೂ ಊರಿನ ಹೆಸರನ್ನೂ ಬರೆದಿಟ್ಟುದರಿಂದಲೇ ನಾವು ಇಂದು ಆ ಕಲ್ಲುಗಳ ವಿಷಯ ಓದುತ್ತಿದ್ದೇವೆ. ಆ ದೊಡ್ಡ ಸಂಪುಟಗಳ ಮುಖಗಳಿಗೆ ಹೆಸರಿಲ್ಲದುದರಿಂದಲೇ ಅವರ ಮೊಮ್ಮಕ್ಕಳು ಅವರನ್ನು ಗುರುತಿಸಲಾರದೆ ಹೋದರು. ಒಳ್ಳೆಯ ಕಾಗದವು ಚಿತ್ರವನ್ನು ಕಾಯುತ್ತದೆ. ಹಿಂದೆ ಬರೆದ ಹೆಸರು ಮನುಷ್ಯನನ್ನು ಕಾಯುತ್ತದೆ.